ಎರಡು ಸುಳಿ

ಪಾರ್ಟಿಕ್ ಸ್ಟೇಷನ್ನಿನ ಕೆಳಗೆ ರೇಬ್ವಾರನ ಕ್ಷೌರದಂಗಡಿ.
ಕತ್ತಿಗೆ ಬಟ್ಟೆ ಬಿಗಿದು, ನೆತ್ತಿಗೆ ನೀರು ಚಿಮುಕಿಸಿ
ಬಾಚಣಿಗೆ ನಿಲ್ಲಿಸಿಬಿಟ್ಟ: "ಎರಡಿವೆಯಲ್ಲ ಇಲ್ಲಿ!"
ಗೊತ್ತು, ಎಂದೆ.
ಎರಡು ಸುಳಿಗೆ ಎರಡು ಮದುವೆ ಅಂತ
ಎಣ್ಣೆ ಹಚ್ಚುವಾಗೆಲ್ಲ ಭಾಗತ್ತೆ ಬೆರಳಿಟ್ಟು ಎಣಿಸುತ್ತಿದ್ದಳು.
ಅವಳ ಲೆಕ್ಕ ಎರಡು.
ನಲವತ್ತಾರಕ್ಕೆ ನನ್ನದಿನ್ನೂ ಸೊನ್ನೆ.

ರೇಬ್ವಾರನಿಗೆ ಮದುವೆಯ ಚಿಂತೆಯಿಲ್ಲ, ಕತ್ತರಿಯದು.
ಎರಡೂ ಒಂದೇ ಕಡೆ ತಿರುಗಿದರೆ
ನಡುವಿನ ಕೂದಲಿಗೆ ಎತ್ತ ಮಲಗಲೂ ತೋಚದು,
ಹುಂಜದ ಜುಟ್ಟಿನಂತೆ ಎದ್ದು ನಿಲ್ಲುತ್ತದೆ.
ಒಂದು ಬಲಕ್ಕೆ ಒಂದು ಎಡಕ್ಕಾದರೆ
ನಡುವೆ ತಾನಾಗಿ ದಾರಿ.
"ನಿನ್ನದು ದಾರಿಯ ಜಾತಿ" ಅಂದ.
ಎದ್ದು ಕೈಕುಲುಕೋಣವೆನಿಸಿತು:
ಇಡೀ ಚಳಿಗಾಲ ನೆಲಮಾಳಿಗೆಯಲ್ಲಿ ಕೂತು
ನಾನು ಬರೆದಿಟ್ಟದ್ದು ಇದನ್ನೇ.

ಅಲ್ಲಿ ಕಿಟಕಿಯಿಲ್ಲ. ಮೇಲೆ ಗಿಬ್ಸನ್ ಬೀದಿ, ಅದರಾಚೆ ಕೆಲ್ವಿನ್ ಹೊಳೆ,
ಬಿಯರ್ ಡಬ್ಬಿ, ಒಮ್ಮೊಮ್ಮೆ ಸೂಪರ್‌ಮಾರ್ಕೆಟ್ಟಿನ ಗಾಡಿ ಹೊತ್ತು
ಸೇತುವೆಯ ಕಂಬ ದಾಟಿ ಸುಳಿಸುಳಿಯಾಗಿ ಒಡೆಯುತ್ತದೆ.
ಕೆಳಗೆ ನಮ್ಮ ಹೊಳೆ: ಗೇಣುದ್ದದ ಗಾಜಿನ ಕೊಳವೆ,
ಒಳಗೆ ರುಬಿಡಿಯಂ ಆವಿ,
ಹೊರಗೆ ಚಪಾತಿಗೆ ಸುತ್ತುವಂಥ ಬೆಳ್ಳಿಹಾಳೆ.
ಇಶ್ಬೆಲ್ ಅದನ್ನು ನೂರೈವತ್ತು ಡಿಗ್ರಿಗೆ ಕಾಯಿಸುತ್ತಾಳೆ,
ಮೇಲಿನ ಹಲಗೆಯಲ್ಲಿ ತನ್ನ ಒದ್ದೆ ಕೈಗವಸು ಒಣಗಿಸುತ್ತಾಳೆ.

ಬರಿಗಾಳಿಯಲ್ಲಿ ಬೆಳಕಿಗೆ ಬೆಳಕಿನ ಗುರುತಿಲ್ಲ.
ಎರಡು ಕಿರಣ ಅಡ್ಡ ಹಾದರೂ
ಕ್ಷಮಿಸಿ ಅನ್ನದೆ ದಾಟುತ್ತವೆ.
ಈ ಬಿಸಿ ಆವಿಯೊಳಗೆ ಮಾತ್ರ
ಅದಕ್ಕೆ ಮೈ ಬರುತ್ತದೆ, ಮೊಣಕೈ ಮೂಡುತ್ತದೆ;
ಪಂದ್ಯ ಮುಗಿದ ಶನಿವಾರದ ಸಬ್‌ವೇಯಂತೆ
ತನ್ನನ್ನು ತಾನೇ ತಳ್ಳಿ ತಳ್ಳಿ ನೀರಾಗುತ್ತದೆ.
ನೀರಾದದ್ದು ಸುಳಿಯದೆ ಇದ್ದೀತೆ?

ಸುಳಿಯ ನಟ್ಟನಡುವೆ ಏನೂ ಇಲ್ಲ.
ಸುತ್ತಲಿನ ಬೆಳಕೆಲ್ಲ ತಿರುಗಿ ತಿರುಗಿ
ಬಿಟ್ಟುಕೊಟ್ಟ ಜಾಗ.
ಬೆಳಕು ಮಂದವಾದರೆ ಅಗಲಕ್ಕೆ ಬಾಯಿ ಬಿಡುತ್ತದೆ,
ಏರಿಸಿದಷ್ಟೂ ಸೂಜಿಯ ಕಣ್ಣಾಗುತ್ತದೆ,
ಮುಚ್ಚುವುದಿಲ್ಲ.
ಎತ್ತ ತಿರುಗಿತೆಂದು ತಿಳಿಯಲು ಇನ್ನೊಂದು ಕಿರಣ ಬೆರೆಸಬೇಕು:
ಆಗ ಪರದೆಯ ತುಂಬ ಬಾಚಣಿಗೆಯ ಹಲ್ಲು,
ಸುಳಿಯಿದ್ದಲ್ಲಿ ಒಂದು ಹಲ್ಲು ಕವಲೊಡೆದು ಎರಡು.
ಮೇಲಕ್ಕೆ ಕವಲಾದರೆ ಬಲ. ಕೆಳಕ್ಕಾದರೆ ಎಡ.

ಭಾಗತ್ತೆಗೆ ಒಂದು ಮಾತು ಹೇಳಬೇಕಿತ್ತು.
ಅವು ನಡೆಯುವುದನ್ನು ನಾವು ನೋಡುವುದೇ ಇಲ್ಲ.
ಕೊಳವೆಯ ಉದ್ದವೇ ಅಲ್ಲಿ ಕಾಲ;
ಈ ತುದಿಯಲ್ಲಿ ಹುಟ್ಟು, ಆ ತುದಿಯಲ್ಲಿ ಕ್ಯಾಮೆರಾ,
ನಡುವಿನ ಬದುಕು ಗಾಜಿನೊಳಗೇ ಮುಗಿಯುತ್ತದೆ.
ಬೆಳಕನ್ನು ಇಷ್ಟಿಷ್ಟೇ ಏರಿಸಿ, ಮತ್ತೆ ಮೊದಲಿಂದ ಕಳಿಸಿ,
ಕೊನೆಗಳನ್ನಷ್ಟೇ ಸಾಲಾಗಿ ಜೋಡಿಸಿ
ಹೀಗೆ ನಡೆದಿರಬೇಕು ಎನ್ನುತ್ತೇವೆ.

ಮೊನ್ನೆ ಬಲದ್ದೊಂದು ಎಡದ್ದೊಂದು ಬಿಟ್ಟೆವು.
ಮೊದಲ ಚಿತ್ರದಲ್ಲಿ ದೂರ ದೂರ.
ಹನ್ನೊಂದನೆಯದರಲ್ಲಿ ಎರಡೂ ಮೊಟ್ಟೆಯಾಗಿ ಹಿಗ್ಗಿ
ಒಂದರತ್ತ ಒಂದು ವಾಲಿದ್ದವು.
ಹದಿನಾಲ್ಕರಲ್ಲಿ ಬಾಚಣಿಗೆಯ ಹಲ್ಲೆಲ್ಲ ನೇರ.
ಇಶ್ಬೆಲ್ ಚಹಾದ ಮಗ್ ಕೆಳಗಿಟ್ಟಳು: "ಸತ್ತವಾ?"

ಕೂಡಿದವು ಎನ್ನಲೇ, ಕಳೆದವು ಎನ್ನಲೇ,
ಬಲ ಎಡಗಳ ಲೆಕ್ಕದಲ್ಲಿ ಉತ್ತರ ಒಂದೇ.
ಅವು ಇದ್ದಲ್ಲಿಂದ ಮಸುಕಾದ ಒಂದು ಅಲೆ
ಅಂಚಿನತ್ತ ಹೊರಟಿತ್ತು,
ಸುಳಿಯ ಸುಳಿವು.
ಎರಡು ಸಲ ಮದುವೆಯಾದವಳು ಇಶ್ಬೆಲ್; ತುಸು ಹೊತ್ತು ನೋಡಿ
ಕಡತಕ್ಕೆ ತಾರೀಖು ಹಾಕಿ ಉಳಿಸಿದಳು.
ಉಣ್ಣೆಯ ಟೋಪಿ ತೆಗೆದಾಗ ಗಮನಿಸಿದ್ದೇನೆ,
ಅವಳ ನೆತ್ತಿಯಲ್ಲಿ ಇರುವುದು ಒಂದೇ.

ರೇಬ್ವಾರ ಹಿಂದೆ ಕನ್ನಡಿ ಹಿಡಿದ.
ನನ್ನ ನೆತ್ತಿಯನ್ನು ನಾನೇ ನೋಡಿದ್ದು ಅಪರೂಪ.
ನಡುವೆ ದಾರಿಯಿತ್ತು, ನಿಜ.
ಆ ದಾರಿಯಲ್ಲಿ ಕೂದಲು ತೆಳುವಾಗುತ್ತಿತ್ತು.
ಹನ್ನೆರಡು ಪೌಂಡು ಕೊಟ್ಟು, ಟೋಪಿ ಜೇಬಿನಲ್ಲೇ ಇಟ್ಟು,
ಹೊಳೆಯ ಕಡೆಯಿಂದ ನಡೆದೆ.