ಸೂಜಿ ಯಾರದು

ಡೆನಿಮ್ ತುಂಡಿನ ಮೇಲೆ ಚಾಕಿನಲ್ಲಿ
ಪಟ್ಟಿ ಬರೆದುಕೊಟ್ಟಳು ಮುಬೀನಾ.
ಕೌಲ್ ಬಜಾರಿನಿಂದ ಮೋತಿ ಸರ್ಕಲ್‌ವರೆಗೆ
ಸೈಕಲ್ ತುಳಿಯುವಷ್ಟರಲ್ಲಿ ಜೇಬಿನೊಳಗೇ
ಅರ್ಧ ಅಳಿಸಿಹೋಗಿತ್ತು.
ಉಳಿದದ್ದು: ರ‍್ಯಾಮ್ ಎಂಟು.
ವೈಫೈ ಕಾರ್ಡು... ಬ್ಯಾಡ.
ಯಾವುದು ಬ್ಯಾಡವೋ
ಅದು ನನ್ನ ಅಂಗಿಗೆ ಹತ್ತಿದ ಬಿಳಿ.

ತಿಪ್ಪೇರುದ್ರ ಹೊಳೆಯುವುದೊಂದನ್ನು ತೆಗೆದ.
"ಭಾರಿ ಐತೆ ಮಾಸ್ಟರ್. ಲಿನಕ್ಸ್ ಗಿನಕ್ಸ್ ಅಂದ್ರೆ ಮಾತ್ರ
ಒಂದೀಟು ಸತಾಯಿಸ್ತದೆ."

ಹೋದ ವರ್ಷ ಓವರ್‌ಲಾಕ್ ಮಷೀನು ಕೊಂಡಿದ್ದೆ.
ಅದರ ಕಂಪನಿಯದೇ ಸೂಜಿ, ಬೇರೆಯದನ್ನು ಮುಟ್ಟದು.
ಸೂಜಿ ಬರುವುದು ನಿಂತ ದಿನ
ಮೂವತ್ತು ಡಜನ್ ಪ್ಯಾಂಟು
ಬಾಯಿ ಬಿಟ್ಟುಕೊಂಡು ಕೂತವು.
ಇನ್ನೂ ಮೂಲೆಯಲ್ಲಿದೆ. ಊಟದ ಡಬ್ಬಿ ಇಡುತ್ತೇವೆ ಅದರ ಮೇಲೆ.

"ಇದರ ಸೂಜಿ ಯಾರದು?" ಅಂದೆ.

ನಕ್ಕ. ಆಮೇಲೆ ನಗು ನಿಲ್ಲಿಸಿ
ಒಳಗಿಂದ ಹಳೆಯದೊಂದು ತಂದು ಊದಿದ.
ಹಾರಿದ ಧೂಳು ನಮ್ಮೂರಿನದೇ, ಅದಿರಿನ ಕೆಂಪು.
"ಹೊಳಪಿಲ್ಲ. ಅರ್ಧ ರೊಕ್ಕ.
ಇದರ ಒಳಗುಟ್ಟು ಮಾತ್ರ
ಮಾಡಿದವರೇ ಬರೆದಿಟ್ಟಾರೆ."

ಮುಬೀನಾ ತಿರುವಿ ತಿರುವಿ ನೋಡಿದಳು,
ಏನೂ ಅನ್ನಲಿಲ್ಲ.
ಸ್ಕ್ರೂಡ್ರೈವರ್ ಕೇಳಿದಳು.
ನನ್ನ ಹತ್ತಿರ ಇದ್ದದ್ದು
ಬಾಬಿನ್ ಕೇಸು ಬಿಗಿಸುವ ಪುಟ್ಟದು.

ಸರಿಹೋಯಿತು.