ಹಿಂದುಗಡೆ ಮುಚ್ಚಿರಬೇಕು

'ರಾಣಿ ಇಲ್ಲವಾ? ಹಟ್ಟಿ ಇಲ್ಲವಾ? ತುಪ್ಪ?'
ಇದ್ದಿನಬ್ಬ ಒಂದೇ ಉಸಿರಿಗೆ ಕೇಳಿದ.
ಒಂದು ಚಮಚವೂ ಇಲ್ಲ, ಅಂದೆ.
'ಮತ್ತೆ ಎಂತಕ್ಕೆ ಮಾರಾಯ್ತಿ?' ಎನ್ನುತ್ತಲೇ
ಬೋಳಾರದ ದೋಣಿ ಶೆಡ್ಡಿನ ಮೂಲೆಯಿಂದ
ಕಿರಾಲುಬೋಗಿಯ ತುಂಡೊಂದು ಎಳೆದು ತಂದ,
ಒಡೆದ ಯಾವುದೋ ದೋಣಿಯ ಪಕ್ಕೆಲುಬು.
ಉಪ್ಪೆಲ್ಲ ಎಷ್ಟೋ ಮಳೆಗೆ ತೊಳೆದುಹೋಗಿತ್ತು.

ಎಂಟು ಮಿಲ್ಲಿ, ಆರು ಮಿಲ್ಲಿ, ನಾಲ್ಕು.
ಆಚೆ ಬದಿಗೆ ತೂತು ಬೀಳುವ ಮೊದಲೇ
ಡ್ರಿಲ್ಲು ನಿಲ್ಲಿಸಿ ಹೇಳಿದ:
'ಹಿಂದುಗಡೆ ಮುಚ್ಚಿರಬೇಕು.
ಬೆನ್ನಿಗೆ ಗಾಳಿ ತಾಗಿದರೆ ಯಾರಿಗೆ ನಿದ್ದೆ ಬರುತ್ತದೆ?'
ಒಂಟಿ ಜೇನನ್ನು ಅವನು ಅಲ್ಲಿವರೆಗೆ ಕಂಡದ್ದೇ ಇಲ್ಲ.

ಮರಳುಕಾಗದ ಸುರುಳಿ ಮಾಡಿ ತೂತಿನ ಬಾಯಿ ಉಜ್ಜಿದೆ,
ಸಿಬಿರು ಉಳಿದರೆ ರೆಕ್ಕೆ ಹರಿಯುತ್ತದೆ.
ಬಿದಿರನ್ನು ಗಂಟಿನ ಆಚೆ ಕೊಯ್ದೆ;
ಮೊದಲ ಹನ್ನೊಂದು, ಈಚೆ ಕೊಯ್ದು ಹಾಳು.
ಮೇಲೆ ಎರಡು ಹಂಚು, ಮುಚ್ಚಿದ ಕಾರ್ಖಾನೆಯದ್ದು.
ಕಾಲಿಗೆ ಗ್ರೀಸಿನ ಚಿಂದಿ, ಕೆಂಜಿರುವೆ ಹತ್ತದಂತೆ.
ಮುಖ ಮೂಡಕ್ಕೆ, ಹೊಳೆಗೆ ಬೆನ್ನು.

ಮನೆ ಹುಡುಕಿ ನಾನು ಈ ಊರಲ್ಲಿ ಹತ್ತಿದ ಮೆಟ್ಟಿಲು
ಒಂದು ಕಡೆಯದ್ದಲ್ಲ. ಜೆಪ್ಪು, ಮಾರ್ನಮಿಕಟ್ಟೆ, ವೆಲೆನ್ಸಿಯಾ.
ಬಾಗಿಲು ಅರ್ಧ ತೆರೆದು ಕೇಳುವುದು:
'ಒರ್ತಿಯೇನಾ?'
ಹೌದು, ಒಬ್ಬಳೇ. ಆಸ್ಪತ್ರೆ. ರಾತ್ರಿ ಪಾಳಿ.
ತೆರೆದ ಅರ್ಧವೂ ಮುಚ್ಚುವ ಸದ್ದು
ಒಂದೊಂದು ಬೀದಿಗೆ ಒಂದೊಂದು ಥರ.
ಬೆನೆಡಿಕ್ಟಾ ಬಾಯಿ ಮಾತ್ರ ಕೇಳಿದ್ದು,
'ಬಾವಿ ನೀರು ಸೇದಲಿಕ್ಕೆ ಬರುತ್ತದಾ?'

ನಲವತ್ತು ದಿನ ಯಾರೂ ಬರಲಿಲ್ಲ.
ಜೇಡವೊಂದು ಮುಂಗಡ ಕೊಡದೆ ಸೇರಿಕೊಂಡಿತ್ತು.
ಫೆಬ್ರವರಿಯ ಬೆಳಿಗ್ಗೆ, ಪಾಳಿ ಮುಗಿಸಿ,
ಚಾ ಹಿಡಿದು ಕೂತವಳ ಮುಂದೆಯೇ
ಹಸಿರು ಬಿಲ್ಲೆಯೊಂದು ಹಾರಿ ಬಂತು:
ಬಾಯಿಯ ಗುಲಾಬಿ ಎಲೆಯ ತುಂಡು.
ಹೊಟ್ಟೆಯಡಿ ಅದನ್ನು ಮಡಿಸಿ ಹಿಡಿದವಳು
ಆರು ಮಿಲ್ಲಿಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು.
ಯಾರೂ ಏನೂ ಕೇಳಲಿಲ್ಲ.
ಒಳಗೆ ಹೋದಳು.

ಮಧ್ಯಾಹ್ನದೊಳಗೆ ಗುಲಾಬಿ ಗಿಡ
ಕಂಡಕ್ಟರ್ ತೂತು ಹೊಡೆದ ಟಿಕೆಟಿನ ಕಟ್ಟು.
ಬಾಯಿ ಗೋಡೆಯಾಚೆಯಿಂದ ಕೊಂಕಣಿಯಲ್ಲಿ ಬೈದರು.
ಸಂಜೆ ಬಂದು ನೋಡಿದರು.
ಕನ್ನಡಕ ಒರೆಸಿ ಮತ್ತೊಮ್ಮೆ.
ಮರುದಿನ ಗಿಡಕ್ಕೆ ಮದ್ದು ಹೊಡೆಯಲಿಲ್ಲ.

ಜೂನಿನ ಮೊದಲ ಗಾಳಿಗೇ ಇಳಿಸಿ ಒಳಗೆ ತಂದೆ,
ಮಲಗಿದವರು ಮಲಗಿದ ಹಾಗೆಯೇ, ಓರೆಯಾಗದಂತೆ;
ಸ್ಟ್ರೆಚರ್ ಹಿಡಿದ ಕೈಗೆ ಹೇಳಿಕೊಡಬೇಕಿಲ್ಲ.
ತುಂಬಿದ್ದು ಹದಿನಾಲ್ಕು.
ವಾರಕ್ಕೊಮ್ಮೆ ಟಾರ್ಚು ಬಿಟ್ಟು ನೋಡುತ್ತಿದ್ದೆ.
ಎರಡು ಬಿದಿರಿಗೆ ಬೂಷ್ಟು ಹಿಡಿಯಿತು, ಕಿತ್ತು ಸುಟ್ಟೆ.
ಮೂರರ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಕಂಡಿ,
ಕಣಜದ ಮರಿ ಒಳಗಿನವರನ್ನು ತಿಂದು ಹೋಗಿತ್ತು.
ವಾರ್ಡಿನಲ್ಲಿ ಬರೆಯುವ ಹಾಗೆ
ತಾರೀಕು, ಹೊತ್ತು ಹಾಕಿ ಬರೆದಿಟ್ಟೆ.

ಅಕ್ಟೋಬರದಲ್ಲಿ ಮತ್ತೆ ಹೊರಗೆ, ಅದೇ ಮೊಳೆಗೆ.
'ಎಷ್ಟು ಜನ?' ಬಾಯಿ ಗೋಡೆಯಾಚೆಯಿಂದ ಕೂಗಿದರು.
ತಡೀರಿ, ಅಂದೆ.
ಒಣಗಿದ ಎಲೆಯ ಮುಚ್ಚಳವೊಂದು ಒಳಗಿನಿಂದ
ಚೂರು ಅಲುಗಿ, ನಿಂತು,
ಮತ್ತೆ ಅಲುಗುತ್ತಿತ್ತು.