ಕಣ್ಣೀರ ತರಸದ ಗಡ್ಡಿ

ಫ್ರಿಜ್ಜಿನ ತಳದಾಗ, ಕಾಯಿಪಲ್ಲೆ ಡಬ್ಬಿ ಹಿಂದ,
ಖಾಕಿ ಚೀಲದಾಗ ಹನ್ನೊಂದು ಇದ್ದವು.
ಮ್ಯಾಲ ಬಾಯಿಯವರ ಅಕ್ಷರ, ಇಂಗ್ಲೀಷು.
ನನಗ ಬರೂದು ಕನ್ನಡ, ಅಷ್ಟಿಷ್ಟು ಮರಾಠಿ.
ಗಡ್ಡಿಗೆ ಯಾವ ಭಾಷೆ?
ಕಂದು ಸಿಪ್ಪಿ, ದುಂಡ ಹೊಟ್ಟಿ, ತಲಿಮ್ಯಾಲ ಒಣ ಜುಟ್ಟು.
ಉಳ್ಳಾಗಡ್ಡಿ, ಅಂದೆ.

ಹೊರಗ ಸಾಚಾಪೀರ ಗಲ್ಲಿಯಾಗ ಪಾವ ಮಾರಾವನ ಗಂಟಿ.
ಅವಲಕ್ಕಿ ತೋಯಿಸಿಟ್ಟಿದ್ದೆ.
ಎರಡು ಹೆಚ್ಚಿದೆ.
ಅಂಟಂಟು ಲೋಳಿ ಬಂತು, ಬೆರಳಸಂದಿ ತುರಿಸಿತು,
ಕಣ್ಣಾಗ ಮಾತ್ರ ಒಂದ್ಹನಿ ನೀರ ಬರಲಿಲ್ಲ.

ಅಲ್ಲೇ ತಿಳೀಬೇಕಿತ್ತು.
ಚಡಚಣದಾಗ ಅತ್ತಿ ಒಲಿ ಮುಂದ,
ಮಂದಿ ಮದುವಿ ಹಂದರದಾಗ,
ಮೂವತ್ತು ವರ್ಷ ಉಳ್ಳಾಗಡ್ಡಿ ಹೆಚ್ಚಿದಾಕಿ ನಾನು,
ಅಳಸದ ಉಳ್ಳಾಗಡ್ಡಿ ಎಲ್ಲ್ಯಾರ ಕಂಡಿದ್ದೆನೇನು?
ಆದರ ಅವತ್ತ ಅನಿಸಿದ್ದು ಬ್ಯಾರೆ:
ಇದು ಕ್ಯಾಂಪಿನ ಉಳ್ಳಾಗಡ್ಡಿ, ದೊಡ್ಡ ಮಂದಿ ಮನೀದು,
ಸಭ್ಯ ಇರಬೇಕು.

ಖೋರ್ಶೆದ್‌ಬಾಯಿ ಎರಡು ಚಮಚ ತಿಂದರು.
ಉಪ್ಪು ನೋಡಾಕಂತ ನಾನೂ ಒಂದು ತುತ್ತು.
ಕಾಲು ತಾಸು ಆಗಿರಲಿಕ್ಕಿಲ್ಲ,
ಒಳಗ ಯಾರೋ ಕರಳು ಹಿಂಡಿ ಒಣಾ ಹಾಕಿಧಂಗ.
ಬಚ್ಚಲದಾಗ ನಾನು, ಬಕೀಟಿನ ಮುಂದ ಅವರು,
ನಡುವ ಒಂದು ಗ್ವಾಡಿ.
ಅಷ್ಟೊತ್ತು ಅಲ್ಲಿ ಮಾಲಕಿ ಯಾರು, ಅಡಗಿಯಾಕಿ ಯಾರು,
ದನಿ ಕೇಳಿ ಹೇಳಾಕ ಬರತಿದ್ದಿಲ್ಲ.

ಕೆಳಗಿನ ಮನಿ ತೆಹಮ್ತನ್ ರಿಕ್ಷಾ ತಂದ.
ಸಸೂನಿನ ಡಾಕ್ಟರ್ ಹುಡುಗಿ ಚೀಲ ತಿರುವಿ ಓದಿದಳು:
ಡ್ಯಾಫೊಡಿಲ್. ಹೂವಿನ ಗಡ್ಡಿ. ವಿಷ.
ಕುದಿಸಿದರೂ ಹೋಗೂದಿಲ್ಲ, ಹುರಿದರೂ ಹೋಗೂದಿಲ್ಲ.
ಹೂದಾನಿ ನೀರಿಗೂ ಇಳೀತದ,
ಬೆಕ್ಕು ಕುಡದರ ಬೆಕ್ಕಿಗೂ ಬಿಡೂದಿಲ್ಲ.
ತಿಂದದ್ದು ಚೂರು, ಕಾರಿದ್ದು ಲಗೂ, ಪುಣ್ಯ ಮಾಡೀರಿ.
ಹೊಟ್ಟಿಗೆ ಬುದ್ಧಿ ಇತ್ತು. ನನಗಿರಲಿಲ್ಲ.

ಸಲೈನಿನ ಹನಿ ಎಣಿಸಿಕೋತ ಕುಂತಾಗ
ಬಾಯಿಯವರು ದಿನಾ ತಗೊಳ್ಳೂ ಗುಳಗಿ ತೋರಿಸಿದೆ.
ಮುಂಜಾನಿ ಒಂದು, ರಾತ್ರಿ ಒಂದು, ಊಟದ ಜೋಡಿ,
ನೆನಪಿಗೆ.
ಅದನ್ನ ಮರೀದಂಗ ಕೊಡಾಕ ಅಂತನ ನನ್ನ ಇಟಗೊಂಡದ್ದು.
ಹುಡುಗಿ ಗುಳಗಿ ನೋಡಿದಳು, ಚೀಲ ನೋಡಿದಳು,
ನಗಬಾರದ ಜಾಗಾದಾಗ ನಕ್ಕಳು.
"ಮಾವಶಿ, ಇದರೊಳಗಿನ ಮದ್ದು ಅದರೊಳಗೂ ಅದ."

ಹಂಗಾದರ ದಿನಾ ಒಂದೀಟು ಗಡ್ಡೀನ...
ನಾ ಅನ್ನೂಕಿಂತ ಮೊದಲ ಮಾರಿ ಓದಿ ಆಗಿತ್ತು.
"ಗುಳಗಿ ಮಾಡಾವಗ ತಕ್ಕಡಿ ಅದ.
ಗಡ್ಡಿಗೆ ತಕ್ಕಡಿ ಗೊತ್ತಿಲ್ಲ."
ಗುಳಗೀನೂ ಗುಣ ಮಾಡೂದಿಲ್ಲಂತ;
ಹೊಂಟ ನೆನಪಿನ ಸೆರಗು ಹಿಡದು
ಹೊಸ್ತಿಲದಾಗ ಒಂದೀಟು ನಿಂದರಸ್ತದಂತ. ಅಷ್ಟ.
ಅದಕ್ಕೂ ಕೆಲವರಿಗೆ ಹೊಟ್ಟಿ ತೊಳಸ್ತದ, ನಾಡಿ ಮೆಲ್ಲಕಾಗ್ತದ,
ನೋಡಕೋತ ಇರ್ರಿ.

ಮನಿಗೆ ಬಂದ ಮೂರನೇ ದಿನ ಬಾಯಿ ಕೇಳಿದರು:
"ಫಿರೂಜಾ, ನನ್ನ ನರ್ಗಿಸ್ ಎಲ್ಲಿ?"
ನಾನು ಫಿರೂಜಾ ಅಲ್ಲ. ಫಿರೂಜಾ ಸತ್ತು ಇಪ್ಪತ್ತು ವರ್ಷ.
ಆದರೂ ಗಡ್ಡಿ ನೆನಪಿತ್ತು ಅವರಿಗೆ,
ಪುಣೆದ ಚಳಿ ಅದಕ್ಕ ಸಾಲೂದಿಲ್ಲ,
ಫ್ರಿಜ್ಜಿನಾಗ ಮಲಗಿಸಿ ಕಾಶ್ಮೀರ ಅಂತ ಸುಳ್ಳು ಹೇಳಬೇಕು
ಅನ್ನೂದೂ ನೆನಪಿತ್ತು.

ಉಳಿದ ಒಂಬತ್ತು ಕುಂಡ್ಯಾಗ ಹೂಳಿದೆ, ಕೈಗೆ ಪ್ಲಾಸ್ಟಿಕ್ ಕಟಗೊಂಡು.
ಸಂಕ್ರಮಣ ಕಳದ ಮ್ಯಾಲ ನಾಕು ಅರಳಿದವು, ಹಳದಿ,
ಒಳಗ ಸಣ್ಣ ಬಟ್ಟಲ ಹಿಡಕೊಂಡು.
ಗುಲಾಬಿ ಜೋಡಿ ಇಟ್ಟೆ; ಮರುದಿನ ಗುಲಾಬಿ ಕುತಿಗಿ ಚೆಲ್ಲಿತ್ತು.
ಈಗ ಅವಕ್ಕ ಬ್ಯಾರೆ ಗ್ಲಾಸು, ಎತ್ತರದ ಕಪಾಟು.

ಬಾಯಿ ದಿನಾ ಕೇಳ್ತಾರ, ಇದು ಯಾವ ಹೂವು?
ದಿನಾ ಹೇಳ್ತೇನಿ.
ಒಂದಿನ ಅವರೇ ಹೇಳಿದರು, ಹೆಸರು ಹಿಡದು,
ಹೇಳಿ ಬಹಳ ಹೊತ್ತು ಅತ್ತರು. ಯಾಕಂತ ನಾ ಕೇಳಲಿಲ್ಲ.

ಖಾಲಿ ಚೀಲ ಒಗದಿಲ್ಲ, ಬರೂ ವರ್ಷಕ್ಕ ಬೇಕು.
ಇಂಗ್ಲೀಷಿನ ಕೆಳಗ ನನ್ನ ಅಕ್ಷರದಾಗ ಬರದೇನಿ:
ಇದು ಉಳ್ಳಾಗಡ್ಡಿ ಅಲ್ಲ.
ಮತ್ತ ಈಗೀಗ, ಖರೇ ಉಳ್ಳಾಗಡ್ಡಿನೂ
ಕಣ್ಣು ಉರಿಯೂತನಕ
ಎಣ್ಣಿಗೆ ಹಾಕೂದಿಲ್ಲ.